ಮುಂದೆ 225, ಹಿಂದೆ 255: ಹಾಗೇ ಬಿಡಲೋ, ನಾಲ್ಕನ್ನೂ ಒಂದೇ ಮಾಡಲೋ?

ಹಿಂಗಾಲಿ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ತಿನ್ನುತ್ತಿರೋ ವಿಷಯ ಇದು. ಗಾಡಿ ಎಫ್30 ತಲೆಮಾರಿನ ಬಿಎಂಡಬ್ಲ್ಯು 3 ಸೀರೀಸ್, ಹಿಂದಿನ ಚಕ್ರದಿಂದ ಓಡೋದು. 18 ಇಂಚಿನ ಅಲಾಯ್. ಮುಂದೆ 8ಜೆ ಇಟಿ34 ರಿಮ್ ಮೇಲೆ 225/45, ಹಿಂದೆ 8.5ಜೆ ಇಟಿ47 ಮೇಲೆ 255/40. (225 ಅಂದರೆ ಟೈರಿನ ಅಗಲ ಮಿ.ಮೀ.ನಲ್ಲಿ, 45 ಅಂದರೆ ಟೈರಿನ ಪಕ್ಕಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಅಂತ. 8ಜೆ ಅಂದರೆ ರಿಮ್ಮಿನ ಅಗಲ 8 ಇಂಚು, ಇಟಿ ಅಂದರೆ ಚಕ್ರ ಎಷ್ಟು ಒಳಗೆ ಕೂರುತ್ತೆ ಅನ್ನೋ ಅಳತೆ.) ಸೆಕೆಂಡ್ ಹ್ಯಾಂಡ್ ತಗೊಂಡಾಗಲೇ ಹೀಗಿತ್ತು, ರಿಮ್ಮುಗಳು ಕಂಪನಿಯವೇ.

ಭಾನುವಾರ ಗಾಡಿ ತೊಳೆಯುತ್ತಾ ಹಿಂದಿನ ಎಡ ಟೈರಿನ ಒಳಗಡೆಗೆ ಕೈ ಹಾಕಿದೆ. ಹೊರಗಿಂದ ನೋಡಿದರೆ ಟೈರಿನ ಗೀರುಗಳಲ್ಲಿ ಇನ್ನೂ 4 ಮಿ.ಮೀ. ಗುಂಡಿ ಇದೆ, ಚೆನ್ನಾಗೇ ಇದೆ ಅಂದುಕೊಂಡಿದ್ದೆ. ಒಳ ಅಂಚಿಗೆ ಬೆರಳು ಹೋದಾಗ ಏನೋ ಚುಚ್ಚಿತು. ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಕೂದಲೆಳೆಯಂಥ ತಂತಿ ಆಚೆ ಬಂದಿದೆ. ಬಲಗಡೆಯದು ಅಷ್ಟಿಲ್ಲ, ಆದರೂ ಮುಗಿದಿದೆ. ಮುಂದಿನವೆರಡಕ್ಕೂ ಇನ್ನೂ ಅರ್ಧ ಆಯಸ್ಸು ಬಾಕಿ ಇದೆ.

ಹೇಗೂ ಹಿಂದಿನ ಜೋಡಿ ಬದಲಾಯಿಸಲೇಬೇಕು. ಈ ನೆಪದಲ್ಲಿ ನಾಲ್ಕೂ ಕಡೆ ಒಂದೇ ಅಳತೆ ಮಾಡಿಬಿಟ್ಟರೆ ಹಿಂದೆ ಮುಂದೆ ಅದಲುಬದಲು ಮಾಡಿಕೊಂಡು ನಾಲ್ಕನ್ನೂ ಸಮನಾಗಿ ಸವೆಸಬಹುದಲ್ಲ? ಅಥವಾ ಎಂಜಿನಿಯರುಗಳು ಏನೋ ಯೋಚನೆ ಮಾಡಿಯೇ ಹಿಂದೆ ಅಗಲದ್ದು ಹಾಕಿರ್ತಾರೆ, ಸುಮ್ಮನೆ ಕೈ ಹಾಕಬಾರದಾ?

ಬೋಳು ಟೈರ್

ಚರ್ಚೆ ಆಮೇಲೆ. ತಂತಿ ಕಂಡ ಟೈರಲ್ಲಿ ಗಾಡಿ ಓಡಿಸ್ತಾ ಇಲ್ಲ ತಾನೇ?

ಹಿಂಗಾಲಿ

ಇಲ್ಲ ಇಲ್ಲ, ಶೆಡ್ಡಲ್ಲೇ ನಿಂತಿದೆ. ಆಫೀಸಿಗೆ ಬಸ್ಸು.

ಅಗಲಪ್ರಿಯ

ಗುರು, ಆ ಗಾಡೀನ ಹಿಂದಿನಿಂದ ನೋಡೋ ಗತ್ತೇ ಆ 255ರಲ್ಲಿದೆ. 225 ಹಾಕಿದರೆ ಕುಸ್ತಿಪಟುವಿಗೆ ಸೈಕಲ್ ಟೈರ್ ಕಟ್ಟಿದ ಹಾಗಿರುತ್ತೆ. ಟೈರ್ ಒಳಗಡೆ ತಿಂದಿದೆ ಅಂದರೆ ಅಲೈನ್‌ಮೆಂಟ್ ತೋರಿಸಿ. ಅಗಲದ ತಪ್ಪಲ್ಲ ಅದು.

ಪಾನಾ ಹನ್ನೊಂದು

ನೋಡಕ್ಕೆ ಚೆಂದ ಅನ್ನೋದನ್ನ ನಾನು ಹೀಗಳೆಯಲ್ಲ, ಆದರೆ ಅದನ್ನ ಕಾರಣ ಅಂತ ಮೊದಲೇ ಒಪ್ಪಿಕೊಂಡುಬಿಡಬೇಕು. ಮುಕ್ಕಾಲು ಜನ ಚೆಂದಕ್ಕೆ ಅಂತಲೇ ತಗೊಂಡು ಆಮೇಲೆ ಗ್ರಿಪ್ಪಿನ ಕಥೆ ಹೇಳ್ತಾರೆ.

ಹಿಂಗಾಲಿಯವರೇ, "ನಾಲ್ಕೂ ಒಂದೇ" ಅನ್ನೋದರಲ್ಲೇ ಎರಡು ದಾರಿ ಇದೆ. ಮುಂದಿನದನ್ನ ಹಿಂದಿನಷ್ಟು ಅಗಲ ಮಾಡೋದು ಒಂದು. ಹಿಂದಿನದನ್ನ ಮುಂದಿನಷ್ಟು ಕಿರಿದು ಮಾಡೋದು ಇನ್ನೊಂದು. ಎರಡಕ್ಕೂ ಸ್ಕ್ವೇರ್ ಸೆಟಪ್ ಅಂತಲೇ ಹೆಸರು, ಆದರೆ ಗಾಡಿ ನಡೆದುಕೊಳ್ಳೋ ರೀತಿ ಬೇರೆಬೇರೆ. ಟ್ರ್ಯಾಕಿಗೆ ಹೋಗೋರು "ಸ್ಕ್ವೇರ್ ಹಾಕು, ಮೂತಿ ಚೆನ್ನಾಗಿ ಕಚ್ಚುತ್ತೆ" ಅಂತಾರಲ್ಲ, ಅವರು ಹೇಳೋದು ಮೊದಲನೇದು. ನಿಮಗೆ ಸುಲಭ ಆಗೋದು ಎರಡನೇದು. ಅವರ ಅನುಭವ ಓದಿ ನಿಮ್ಮ ಗಾಡಿಗೆ ತೀರ್ಮಾನ ಮಾಡಬೇಡಿ.

ಇನ್ನೊಂದು, ಇದೇ ಎಫ್30ಗೆ ಇದೇ 18 ಇಂಚಿನಲ್ಲಿ ನಾಲ್ಕೂ ಕಡೆ 225/45 ಕಂಪನಿಯೇ ಕೊಟ್ಟಿದೆ, 8ಜೆ ಇಟಿ34 ರಿಮ್ ಮೇಲೆ. ಹಾಗಾಗಿ "ಎಂಜಿನಿಯರುಗಳು ಯೋಚನೆ ಮಾಡಿ ಹಾಕಿದ್ದಾರೆ" ಅನ್ನೋ ಮಾತು ಎರಡಕ್ಕೂ ಸಲ್ಲುತ್ತೆ. ಗಾಡಿ ಬಾಗಿಲ ಚೌಕಟ್ಟಿನ ಸ್ಟಿಕರ್ ನೋಡಿ. ಒಂದಕ್ಕಿಂತ ಹೆಚ್ಚು ಅಳತೆ, ಒಂದೊಂದಕ್ಕೂ ಬೇರೆ ಗಾಳಿ ಒತ್ತಡ ಬರೆದಿರುತ್ತೆ.

ಸ್ಲಿಪ್ ಆ್ಯಂಗಲ್

ಹಿಂದೆ ಅಗಲ ಏಕೆ ಎಂಬ ಪ್ರಶ್ನೆ ಬಂದಿದ್ದರಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

ತಿರುವಿನಲ್ಲಿ ಟೈರು ತಾನು ಮುಖ ಮಾಡಿದ ದಿಕ್ಕಿಗೇ ಉರುಳುವುದಿಲ್ಲ. ರಬ್ಬರ್ ತಿರುಚಿಕೊಂಡು ಕೊಂಚ ಹೊರಗೆ ಜಾರುತ್ತಲೇ ಉರುಳುತ್ತದೆ. ಟೈರು ನೋಡುವ ದಿಕ್ಕಿಗೂ ನಿಜವಾಗಿ ಹೋಗುವ ದಿಕ್ಕಿಗೂ ನಡುವಿನ ಕೋನವೇ ನನ್ನ ಹೆಸರು. ಅಗಲದ ಟೈರು ಅಷ್ಟೇ ಪಕ್ಕಬಲವನ್ನು ಕಡಿಮೆ ಕೋನದಲ್ಲಿ ಕೊಡುತ್ತದೆ. ಹಿಂದೆ ಅಗಲ, ಮುಂದೆ ಕಿರಿದು ಇದ್ದರೆ ಮುಂದಿನವು ಹೆಚ್ಚು ಕೋನ ತೆಗೆದುಕೊಳ್ಳುತ್ತವೆ, ಹಿಂದಿನವು ಕಡಿಮೆ. ವೇಗ ಮಿತಿ ಮೀರಿದಾಗ ಮೊದಲು ಸೋಲುವುದು ಮುಂದಿನ ಜೋಡಿ. ಸ್ಟೀರಿಂಗ್ ತಿರುಗಿಸಿದಷ್ಟು ಗಾಡಿ ತಿರುಗದೆ ಮೂತಿ ಹೊರಕ್ಕೆ ಹೋಗುತ್ತದೆ. ಇದು ಅಂಡರ್‌ಸ್ಟೀರ್. ಗಾಬರಿಯಾದ ಚಾಲಕ ಸಹಜವಾಗಿ ಕಾಲು ತೆಗೆಯುತ್ತಾನೆ, ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಟೈರು ಮತ್ತೆ ಹಿಡಿಯುತ್ತದೆ. ಹಿಂದಿನ ಜೋಡಿ ಮೊದಲು ಸೋತರೆ ಬಾಲ ಬೀಸುತ್ತದೆ, ಅಲ್ಲಿ ಕಾಲು ತೆಗೆದರೆ ಇನ್ನೂ ಕೆಡುತ್ತದೆ. ರಸ್ತೆ ಗಾಡಿಗಳನ್ನು ಮೊದಲನೆಯ ಕಡೆಗೆ ವಾಲಿಸಿಯೇ ಮಾಡುವುದು ಇದಕ್ಕೇ.

ಎರಡನೆಯ ಕಾರಣ ಎಳೆತ. ಆಕ್ಸಿಲರೇಟರ್ ಒತ್ತಿದಾಗ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂಚಕ್ರದ ಗಾಡಿಯಲ್ಲಿ ಆ ಭಾರವನ್ನು ಬಳಸಿಕೊಳ್ಳಬೇಕಾದ್ದೂ ಎಂಜಿನ್ನಿನ ತಿರುಚುಬಲ ಹೊರಬೇಕಾದ್ದೂ ಅದೇ ಎರಡು ಟೈರು. ಎಂಜಿನ್ ಶಕ್ತಿ ಹೆಚ್ಚಿದಷ್ಟೂ ಅಗಲಕ್ಕೆ ಅರ್ಥ ಬರುತ್ತದೆ.

ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಟೈರು ಅಗಲವಾದರೆ ನೆಲಕ್ಕೆ ತಾಗುವ ಜಾಗ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದುಕೊಳ್ಳುತ್ತೇವೆ. ಆ ಜಾಗದ ವಿಸ್ತಾರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಅಗಲ ಮಾಡಿದಾಗ ಮುಖ್ಯವಾಗಿ ಬದಲಾಗುವುದು ಅದರ ಆಕಾರ: ಉದ್ದ ಕಡಿಮೆ, ಅಗಲ ಜಾಸ್ತಿ. ತಿರುವಿನಲ್ಲಿ ಆ ಆಕಾರ ಒಳ್ಳೆಯದು. ನಿಂತ ನೀರಿನ ಮೇಲೆ ಕೆಟ್ಟದ್ದು, ಅಗಲದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ಬೇಗ ತೇಲುತ್ತದೆ.

ಅಗಲಪ್ರಿಯ

ಅಂದರೆ ನಾನು ಹೇಳಿದ್ದೇ ಸರಿ ಆಯ್ತಲ್ಲ. ಅಗಲ ಇದ್ದರೆ ಹಿಂದೆ ಭದ್ರ.

ಸ್ಲಿಪ್ ಆ್ಯಂಗಲ್

ಒಣ ರಸ್ತೆಯಲ್ಲಿ, ಹೊಸ ಟೈರಿನಲ್ಲಿ, ಹೌದು. ಒಳ ಅಂಚು ಸವೆದು ತಂತಿ ಕಂಡ 255ಗಿಂತ ಹೊಸ 225 ಎಲ್ಲ ರೀತಿಯಲ್ಲೂ ಭದ್ರ. ಬೇಗ ಸವೆಯುವ ಜೋಡಿಯನ್ನು ಜನ ಎಷ್ಟು ತಡವಾಗಿ ಬದಲಾಯಿಸುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪಾನಾ ಹನ್ನೊಂದು

ಇದರ ಹಿಂದೆ ಒಂದು ಹಳೇ ಕಥೆ ಇದೆ, ನನಗೆ ಇಷ್ಟ. 1973ರ ಪೋರ್ಷೆ 911 ಕರೇರಾ ಆರ್‌ಎಸ್ 2.7. ಎಂಜಿನ್ನು ಹಿಂದಿನ ಆಕ್ಸಲ್ಲಿಗಿಂತ ಹಿಂದೆ ನೇತಾಡೋ ಗಾಡಿ, ಕಾಲು ತೆಗೆದರೆ ಬಾಲ ಬೀಸೋದಕ್ಕೆ ಹೆಸರುವಾಸಿ. ಅದಕ್ಕೆ ಮುಂದೆ 6 ಇಂಚು ಅಗಲದ ರಿಮ್ಮಿಗೆ 185/70, ಹಿಂದೆ 7 ಇಂಚಿಗೆ 215/60 ಹಾಕಿದರು. ಎರಡೂ 15 ಇಂಚು. ಈಗ ಎತ್ತರ ಲೆಕ್ಕ ಹಾಕಿ. ಮುಂದೆ 640 ಮಿ.ಮೀ., ಹಿಂದೆ 639. ಅಗಲ 30 ಮಿ.ಮೀ. ಹೆಚ್ಚಿದರೂ ಎತ್ತರದಲ್ಲಿ ಒಂದೇ ಮಿಲಿಮೀಟರ್ ವ್ಯತ್ಯಾಸ. ಅಗಲ ಬದಲಾಯಿಸು, ಎತ್ತರ ಮುಟ್ಟಬೇಡ. ನಿಮ್ಮ ಗಾಡೀದೂ ಹಾಗೇ: 225/45 ಅಂದರೆ 659.7, 255/40 ಅಂದರೆ 661.2.

ಈಗಿನ ಪೋರ್ಷೆ ಮಾತ್ರ ಈ ಮಾತು ಕೇಳಲ್ಲ. 992 ತಲೆಮಾರಿನ 911 ಕರೇರಾ ಎಸ್‌ಗೆ ಮುಂದೆ 245/35ರ 20 ಇಂಚು, ಹಿಂದೆ 305/30ರ 21 ಇಂಚು. ಎತ್ತರದಲ್ಲೇ 37 ಮಿ.ಮೀ. ಅಂತರ. ಆದರೆ ಅಲ್ಲಿ ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಎಲ್ಲಾನೂ ಆ ಅಂತರ ಗೊತ್ತಿಟ್ಟುಕೊಂಡೇ ಹುಟ್ಟಿವೆ. ನಾವು ಮನೆ ಮುಂದೆ ಜಾಕ್ ಏರಿಸಿ ಆ ಆಟ ಆಡಕ್ಕಾಗಲ್ಲ.

ನಾಲ್ಕೂ ಎಳೆಯಲಿ

ಇದನ್ನು ಓದುವ ಆಲ್ ವೀಲ್ ಡ್ರೈವ್‌ನವರಿಗೆ ನನ್ನದೊಂದು ಪಾಠ ಮಾರಾಯ್ರೇ. ನನ್ನ ಗಾಡಿ ನಾಲ್ಕೂ ಚಕ್ರದ್ದು, ನಾಲ್ಕೂ ಒಂದೇ ಅಳತೆ. ಹಾಗಾಗಿ ಏನೂ ತಲೆಬಿಸಿ ಇಲ್ಲ ಎಂದು ಹಾಯಾಗಿದ್ದೆ. ಮುಂದಿನ ಎರಡು ಟೈರು ಹಾಳಾಯಿತು, ಅವೆರಡನ್ನೇ ಹೊಸದು ಹಾಕಿಸಿದೆ. ಹಿಂದಿನವು 4 ಮಿ.ಮೀ.ಗೆ ಇಳಿದಿದ್ದವು. ಅಂಗಡಿಯವರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ತಿಂಗಳಿಗೆ, ಪಾರ್ಕಿಂಗಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೊರಬರುವಾಗ ಗಾಡಿ ಯಾರೋ ಹಿಂದಿನಿಂದ ಎಳೆದು ಹಿಡಿದ ಹಾಗೆ ತಡೆ ತಡೆದು ಹೋಗುತ್ತಿತ್ತು. ಕೆಳಗಿಂದ ಸಣ್ಣಗೆ ಗುಂಯ್ ಶಬ್ದ. ಆಮೇಲೆ ಲೆಕ್ಕ ಹಾಕಿದೆ. ಹೊಸ ಟೈರು 8 ಮಿ.ಮೀ., ಹಳೆಯದು 4. ಅಂದರೆ ಎತ್ತರದಲ್ಲಿ 8 ಮಿ.ಮೀ. ಅಂತರ, ಸುತ್ತಳತೆಯಲ್ಲಿ 25. 660 ಮಿ.ಮೀ. ಟೈರಿಗೆ ಕಿಲೋಮೀಟರಿಗೆ ಸುಮಾರು 482 ಸುತ್ತು, ಅದರಲ್ಲಿ ಮುಂದೆ ಹಿಂದೆ ಆರು ಸುತ್ತಿನ ವ್ಯತ್ಯಾಸ. ನೆಟ್ಟಗಿನ ರಸ್ತೆಯಲ್ಲೂ ಮಧ್ಯದ ಕ್ಲಚ್ಚು ಆ ಆರು ಸುತ್ತನ್ನು ಜಾರಿಸುತ್ತಲೇ ಇರಬೇಕು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಸಿಕ್ಕಿಕೊಂಡದ್ದು ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್.

ಈಗ ಮೇಲೆ ಬರೆದ 225/45, 255/40 ಜೋಡಿಯ ಅಂತರ ನೋಡಿ, 1.5 ಮಿ.ಮೀ. ಕಿಲೋಮೀಟರಿಗೆ ಒಂದೇ ಸುತ್ತು. ಹೊಸದರಲ್ಲಿ ಸ್ಟ್ಯಾಗರ್ಡ್, ಅಂದರೆ ಮುಂದೆ ಹಿಂದೆ ಬೇರೆ ಅಗಲದ ಗಾಡಿಗಿಂತ ನನ್ನ "ನಾಲ್ಕೂ ಒಂದೇ" ಗಾಡಿಯೇ ಹೆಚ್ಚು ಎಡವಟ್ಟಾಗಿತ್ತು! ಈಗ 8,000 ಕಿ.ಮೀ.ಗೊಮ್ಮೆ ತಪ್ಪದೆ ಮುಂದಿನದು ಹಿಂದೆ, ಹಿಂದಿನದು ಮುಂದೆ. ಒಂದು ಹೋದರೆ ನಾಲ್ಕೂ ಅಳೆದು ನೋಡುತ್ತೇನೆ.

ಪಾನಾ ಹನ್ನೊಂದು

ಇದು ಚಿನ್ನದಂಥ ಮಾತು. ಬಿಎಂಡಬ್ಲ್ಯು ಎಕ್ಸ್5ರ ಎಫ್15 ತಲೆಮಾರಿಗೆ 20 ಇಂಚಿನಲ್ಲಿ ಮುಂದೆ 275/40, ಹಿಂದೆ 315/35 ಬರುತ್ತೆ. ನಾಲ್ಕೂ ಎಳೆಯೋ ಗಾಡಿ, 40 ಮಿ.ಮೀ. ಅಗಲದ ಅಂತರ. ಎತ್ತರ? 728 ಮತ್ತು 728.5. ಅರ್ಧ ಮಿಲಿಮೀಟರ್. ಹಾಳೆಯ ಮೇಲೆ ಸರಿಯಿದೆ, ಆದರೆ ಹಿಂದಿನದು ಬೇಗ ಸವೆದರೆ ಅದಲುಬದಲು ಮಾಡಿ ಸರಿದೂಗಿಸೋ ದಾರಿ ಇಲ್ಲ. ಆಲ್ ವೀಲ್ ಡ್ರೈವಿನಲ್ಲಿ ಸ್ಟ್ಯಾಗರ್ಡ್ ಹಾಕಿದವರು ಗುಂಡಿಯ ಆಳ ಅಳೆಯೋ ಗೇಜ್ ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಳ್ಳಬೇಕು.

ಸುಮ್ಮನೆ ಓದುವವಳು

ನಂದು ಮುಂದಿನ ಚಕ್ರದಿಂದ ಎಳೆಯೋ ಸಣ್ಣ ಗಾಡಿ. ತಮ್ಮ ಹಿಂದೆ ಅಗಲದ ಟೈರು ಹಾಕ್ಸೋಣ ಅಂತ ಕುಣೀತಿದ್ದಾನೆ. ಏನಾದರೂ ಉಪಯೋಗ ಇದೆಯಾ?

ಪಾನಾ ಹನ್ನೊಂದು

ಇಲ್ಲಮ್ಮ. ಎಳೆಯೋದೂ ಮುಂದೆ, ತಿರುಗಿಸೋದೂ ಮುಂದೆ, ಬ್ರೇಕಿನ ಹೆಚ್ಚು ಪಾಲೂ ಮುಂದೆ. ಹಿಂದೆ ಅಗಲ ಮಾಡಿದರೆ ಮೊದಲೇ ನೆಟ್ಟಗೆ ಹೋಗೋ ಗಾಡಿ ಇನ್ನೂ ನೆಟ್ಟಗೆ ಹೋಗುತ್ತೆ. ತಮ್ಮನಿಗೆ ಆಡಿ ಆರ್‌ಎಸ್3 ತೋರಿಸಿ, ಈಚಿನದಕ್ಕೆ ಮುಂದೆ 265, ಹಿಂದೆ 245. ಅದು ಆಲ್ ವೀಲ್ ಡ್ರೈವ್ ಆದರೂ ಎಂಜಿನ್ ಭಾರ ಎಲ್ಲ ಮೂತಿ ಮೇಲೆ, ಅದಕ್ಕೇ ಉಲ್ಟಾ.

ಸುಮ್ಮನೆ ಓದುವವಳು

ತೋರಿಸಿದೆ. ಈಗ ಮುಂದೆ ಅಗಲ ಮಾಡೋಣ ಅಂತಿದ್ದಾನೆ. 🙄

ಹಿಂಗಾಲಿ

ತುಂಬಾ ತಿಳಿಯಿತು, ಎಲ್ಲರಿಗೂ ಥ್ಯಾಂಕ್ಸ್. ಒಂದು ಪ್ಲಾನ್ ಹೇಳ್ತೀನಿ, ತಪ್ಪಿದ್ದರೆ ಬೈಯಿರಿ. ನನ್ನ ಹಿಂದಿನ ರಿಮ್ಮಿನಂಥದ್ದೇ ಇನ್ನೊಂದು ಜೋಡಿ, 8.5ಜೆ ಇಟಿ47, ಒಬ್ಬರು ಮಾರ್ತಿದ್ದಾರೆ. ಅದನ್ನ ಮುಂದೆ ಹಾಕಿ ನಾಲ್ಕೂ 8.5 ಮಾಡಿದರೆ?

ಪಾನಾ ಹನ್ನೊಂದು

ಬೈತೀನಿ. ಕಾಗದ ತಗೊಳ್ಳಿ.

ಇಟಿ ಅಂದರೆ ರಿಮ್ಮಿನ ನಡುಗೆರೆಯಿಂದ ಬೋಲ್ಟ್ ಕೂರೋ ಮುಖ ಎಷ್ಟು ಹೊರಗಿದೆ ಅನ್ನೋ ಅಳತೆ. ಅಂಕಿ ಹೆಚ್ಚಿದಷ್ಟೂ ಚಕ್ರ ಗಾಡಿಯ ಒಳಕ್ಕೆ ಹೋಗುತ್ತೆ. 34ರಿಂದ 47ಕ್ಕೆ ಹೋದರೆ 13 ಮಿ.ಮೀ. ಒಳಗೆ. ಅರ್ಧ ಇಂಚು ಅಗಲ ಹೆಚ್ಚಿದ್ದಕ್ಕೆ ಒಂದೊಂದು ಕಡೆ 6.35. ಒಟ್ಟು ಒಳ ಅಂಚು ಈಗಿನದಕ್ಕಿಂತ 19 ಮಿ.ಮೀ. ಶಾಕ್ ಅಬ್ಸಾರ್ಬರ್ ಕಡೆ ಸರಿಯುತ್ತೆ. ಅದರ ಮೇಲೆ 255 ಟೈರಿನ ಉಬ್ಬು ಬೇರೆ. ಈಗ ಮುಂದಿನ ಟೈರಿಗೂ ಶಾಕ್‌ಗೂ ನಡುವೆ ಬೆರಳು ಹಾಕಿ ನೋಡಿ, ಎಷ್ಟು ಜಾಗ ಇದೆ ಅಂತ ನಿಮಗೇ ಗೊತ್ತಾಗುತ್ತೆ. ಸ್ಪೇಸರ್ ಹಾಕಿ ಆಚೆ ತಳ್ಳಬಹುದು, ಆದರೆ ಅದು ಹಬ್ಬಿನ ಮೇಲೆ ಬಿಗಿಯಾಗಿ ಕೂರೋಂಥದ್ದೇ ಆಗಬೇಕು, ನಿಮ್ಮದಕ್ಕೆ 72.6 ಮಿ.ಮೀ. ನಡುತೂತು. ಬೋಲ್ಟೂ ಅಷ್ಟೇ ಉದ್ದ ಜಾಸ್ತಿ ಬೇಕು. ಗಾಡಿ ಆಗಲೇ ಕಿತ್ತಾಟಕ್ಕೆ ಬಂದಿದೆ ನೋಡಿ.

ಉಲ್ಟಾ ಮಾಡಿ. ಮುಂದಿನಂಥದ್ದೇ 8ಜೆ ಇಟಿ34 ಜೋಡಿ ಹುಡುಕಿ ಹಿಂದೆ ಹಾಕಿ. ನಡುಗೆರೆ 13 ಮಿ.ಮೀ. ಹೊರಗೆ ಬರುತ್ತೆ, ಟೈರು 255ರಿಂದ 225ಕ್ಕೆ ಇಳಿದಿದ್ದರಿಂದ ಒಂದೊಂದು ಕಡೆ 15 ಒಳಗೆ ಹೋಗುತ್ತೆ. ಟೈರಿನ ಹೊರಮೈ ಈಗಿರೋದಕ್ಕಿಂತ ಬರೀ 2 ಮಿ.ಮೀ. ಒಳಗೆ. ಅಗಲಪ್ರಿಯರ ಸೈಕಲ್ ಟೈರು ಇದು, ಹಿಂದೆ ನಿಂತು ನೋಡಿದರೆ ಒಳಗಡೆ ಖಾಲಿ ಕಾಣಬಹುದು, ಪಕ್ಕದಿಂದ ಗೊತ್ತೂ ಆಗಲ್ಲ.

ಸ್ಲಿಪ್ ಆ್ಯಂಗಲ್

ಜೊತೆಗೆ ಟೈರಿನ ಲೋಡ್ ಇಂಡೆಕ್ಸ್, ಅಂದರೆ ಅದು ಹೊರಬಲ್ಲ ಭಾರದ ಸಂಕೇತ ಸಂಖ್ಯೆ ನೋಡಿ. 225/45 ಆರ್18ರಲ್ಲಿ 91 ಇರುವುದೂ ಸಿಗುತ್ತದೆ, ಎಕ್ಸ್‌ಎಲ್ (ಹೆಚ್ಚು ಭಾರದ್ದು) ಎಂದು ಬರೆದ 95 ಕೂಡ. 91 ಎಂದರೆ ಒಂದು ಟೈರಿಗೆ 615 ಕೆಜಿ, 95 ಎಂದರೆ 690. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿ ತುಂಬ ಸಾಮಾನು ಇದ್ದಾಗ ಆ 75 ಕೆಜಿ ಬೇಕಾಗುತ್ತದೆ. ನಾನಾದರೆ 95 ಹಾಕುತ್ತೇನೆ.

ಮುಂದಿನ ಅರ್ಧ ಸವೆದ ಟೈರುಗಳ ಬ್ರ್ಯಾಂಡು, ಮಾದರಿ ಯಾವುದೋ ಅದನ್ನೇ ಹಿಂದಕ್ಕೂ ತನ್ನಿ. ಹೊಸ ಜೋಡಿ ಹಿಂದೆಯೇ ಇರಲಿ. ಎಳೆಯುವ ಚಕ್ರವಾದ್ದರಿಂದ ಅವು ಬೇಗ ಸವೆದು ಮುಂದಿನವನ್ನು ಹಿಡಿಯುತ್ತವೆ. ನಾಲ್ಕೂ ಒಂದು ಹದಕ್ಕೆ ಬಂದ ಮೇಲೆ ಅದಲುಬದಲು ಶುರು ಮಾಡಿ. ಸ್ಟೆಬಿಲಿಟಿ ಕಂಟ್ರೋಲಿನ ಹಳದಿ ದೀಪದ ಮೇಲೆ ಕಣ್ಣಿಡಿ, ಹಿಂದೆ ಹಿಡಿತ ಕಡಿಮೆಯಾದದ್ದನ್ನು ಮೊದಲು ಹೇಳುವುದು ಆ ದೀಪವೇ.

ಬೋಳು ಟೈರ್

ಹಾಕ್ಸೋವಾಗ ಪಕ್ಕದಲ್ಲೇ ನಿಂತ್ಕೊಳ್ಳಿ. ನಂದು ಒಂದು ಸಲ "ಔಟ್‌ಸೈಡ್" ಅಂತ ಬರೆದಿರೋ ಮೈನೇ ಒಳಗಡೆ ಮಾಡಿ ಕೂರಿಸಿದ್ದರು. ಎರಡು ತಿಂಗಳು ಮಳೇಲಿ ಹಾಗೇ ಓಡಿಸಿದೀನಿ. ಬಾಣದ ಗುರುತು ಇರೋ ಟೈರಾದರೆ ಅದರ ದಿಕ್ಕೂ ನೋಡಿ. ಸ್ಟ್ಯಾಗರ್ಡ್ ಗಾಡಿಗೆ ಬಾಣದ ಟೈರು ಹಾಕಿದರೆ ಹಿಂದೆ ಮುಂದೆ ಆಗಲ್ಲ, ಎಡ ಬಲ ಮಾಡೋಕೂ ರಿಮ್ಮಿಂದ ಬಿಚ್ಚಬೇಕು. ಸಾಕಪ್ಪಾ ಸಾಕು ಅನ್ಸುತ್ತೆ.

ಹಿಂಗಾಲಿ

ಮೂರು ವಾರ ಆಯ್ತು, ಕಥೆ ಹೇಳ್ತೀನಿ.

8ಜೆ ಇಟಿ34 ಜೋಡಿ ಸಿಕ್ಕಿತು. ಒಂದರ ಅಂಚು ಸ್ವಲ್ಪ ಉಜ್ಜಿದೆ, ಬ್ಯಾಲೆನ್ಸಿಂಗ್ ಮಷೀನಿನಲ್ಲಿ ನೆಟ್ಟಗೇ ತಿರುಗಿತು. ಮುಂದಿನಂಥದ್ದೇ ಟೈರು, 95 ಎಕ್ಸ್‌ಎಲ್. ಬೋಳು ಟೈರ್ ಅವರು ಹೇಳಿದ ಹಾಗೆ ಪಕ್ಕದಲ್ಲೇ ನಿಂತಿದ್ದೆ. ಹುಡುಗ ಎರಡು ಸಲ ತಿರುಗಿ ನೋಡಿದ. ಗಾಳಿ ಸ್ಟಿಕರಿನಲ್ಲಿ ಈ ಅಳತೆಗೆ ಬರೆದಷ್ಟು ಹಾಕಿಸಿ, ಟೈರ್ ಒತ್ತಡದ ಎಚ್ಚರಿಕೆ ರೀಸೆಟ್ ಮಾಡಿದೆ.

ಆಮೇಲೆ ಅಲೈನ್‌ಮೆಂಟ್. ಹಿಂದಿನ ಎಡ ಚಕ್ರದ ಟೋ (ಮೇಲಿಂದ ನೋಡಿದರೆ ಚಕ್ರದ ಓರೆ) ಅಂಕಿ ಕೆಂಪಾಗಿತ್ತು. ಹಸಿರಿನ ಹತ್ತಿರಕ್ಕೂ ಇರಲಿಲ್ಲ. ಕ್ಯಾಂಬರ್ (ಹಿಂದಿನಿಂದ ನೋಡಿದರೆ ಚಕ್ರದ ವಾಲಿಕೆ) ಮಿತಿಯೊಳಗೇ ಇತ್ತು. ಚಕ್ರ ಓಡೋ ದಿಕ್ಕಿಗೆ ಓರೆಯಾಗಿ ನಿಂತು, ಇಷ್ಟು ದಿನ ರಸ್ತೆ ಮೇಲೆ ರಬ್ಬರ್ ತೇಯ್ತಾ ಬಂದಿದೆ. ನಾನು ಗಾಡಿ ತಗೊಂಡಾಗಿಂದ ಒಂದು ಸಲವೂ ತೋರಿಸಿರಲಿಲ್ಲ. ತಪ್ಪು ನಂದೇ.

ಓಡಿಸೋದರಲ್ಲಿ ಏನು ಬದಲಾಗಿದೆ ಅಂದರೆ, ನಿಜ ಹೇಳಬೇಕಂದರೆ ದಿನದ ಓಡಾಟದಲ್ಲಿ ಏನೂ ಇಲ್ಲ. ಸ್ಟೀರಿಂಗ್ ಹಾಗೇ ಇದೆ, ಮುಂದೆ ಏನೂ ಬದಲಾಗಿಲ್ಲವಲ್ಲ. ಒಣ ರಸ್ತೆಯಲ್ಲಿ ಎರಡನೇ ಗೇರಲ್ಲಿ ಸರ್ಕಲ್ಲಿಂದ ಆಚೆ ಬರ್ತಾ ಗಟ್ಟಿಯಾಗಿ ಒತ್ತಿದರೆ ಹಳದಿ ದೀಪ ಮೊದಲಿಗಿಂತ ಬೇಗ ಮಿನುಗುತ್ತೆ. ಮೊದಲ ಸಲ ಎದೆ ಝಲ್ ಅಂತು, ಈಗ ಕಾಲೇ ಅಳತೆ ಕಲಿತಿದೆ. ನೀರು ನಿಂತ ಕಡೆ ಮಾತ್ರ ಹಿಂದಿನ ಭಾಗ ಮೊದಲಿಗಿಂತ ನೆಟ್ಟಗಿದೆ, ಅದು ಕಿರಿದಾಗಿದ್ದಕ್ಕೋ ಹೊಸದಾಗಿದ್ದಕ್ಕೋ ಅಂತ ಬಿಡಿಸಿ ಹೇಳೋಕಾಗಲ್ಲ.

ಅಗಲಪ್ರಿಯ

ಟೋ! ಮೊದಲನೇ ದಿನವೇ ಹೇಳಿದ್ದೆ. ಅಲೈನ್‌ಮೆಂಟ್ ಮಾಡಿಸಿ ಇದ್ದ ರಿಮ್ಮಿಗೇ 255 ಹಾಕಿದ್ದರೆ ಮುಗೀತಿತ್ತು.

ಹಿಂಗಾಲಿ

ಒಪ್ಪಿದೆ ಗುರು. ಟೋ ಸರಿಯಿದ್ದಿದ್ದರೆ ಈ ಪ್ರಶ್ನೆಯನ್ನೇ ಕೇಳ್ತಿರಲಿಲ್ಲವೇನೋ. ಆದರೆ ನಾಲ್ಕೂ ಒಂದೇ ಆಗಿದ್ದರೆ ರೊಟೇಶನ್‌ಗೆ ಅಂತ ಚಕ್ರ ಬಿಚ್ಚಿದಾಗಲೇ ಆ ಒಳ ಅಂಚು ಕಣ್ಣಿಗೆ ಬೀಳ್ತಿತ್ತು. ನನ್ನಂಥ ಸೋಮಾರಿಗೆ ಅದೇ ಲಾಭ.

ಪಾನಾ ಹನ್ನೊಂದು

ಬೋಲ್ಟು ಎಷ್ಟಕ್ಕೆ ಬಿಗಿ ಮಾಡಿದ್ದಾರೆ? ಎಫ್30ಗೆ 140 ನ್ಯೂಟನ್ ಮೀಟರ್. ಗಾಳಿ ಗನ್ನಲ್ಲಿ ಟರ್ರ್ ಅಂತ ಬಿಟ್ಟಿದ್ದರೆ ಟಾರ್ಕ್ ಪಾನಾ ಹಿಡಿದು ಮತ್ತೆ ನೋಡಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50–100 ಕಿ.ಮೀ. ಓಡಿಸಿ ಇನ್ನೊಂದು ಸಲ ನೋಡೋದು ನನ್ನ ರೂಢಿ.

ಹಿಂಗಾಲಿ

ಗನ್ನಲ್ಲೇ ಬಿಟ್ಟಿದ್ದು. ಪಾನಾ ಪಕ್ಕದ ಮನೆಯವರ ಹತ್ತಿರ ಇದೆ, ಸಂಜೆ ಇಸ್ಕೊಂಡು ನೋಡ್ತೀನಿ.

ಅಗಲಪ್ರಿಯ

ಆಯ್ತು, ಆ ಹಳೇ 8.5ಜೆ ರಿಮ್ ಎರಡೂ ಸುಮ್ಮನೆ ಬಿದ್ದಿರುತ್ತಲ್ಲ. ನನಗೆ ಕೊಡ್ತೀರಾ?

ಹಿಂಗಾಲಿ

ಇಲ್ಲ. ತೊಳೆದು, ಗೋಣಿ ಸುತ್ತಿ ಅಟ್ಟದ ಮೇಲಿಟ್ಟಿದ್ದೀನಿ.